ಬಿಸಿಲೇ ಬೀಳದ ಚಂದ್ರನ ಕುಳಿಗಳ ಫೋಟೊ ತೆಗೆಯುವುದು ಹೇಗೆ? ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ

ಚಂದ್ರಯಾನದ ಸುದ್ದಿ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು: ‘ಇದುವರೆಗೆ ಯಾರೂ ನೋಡದ ಚಂದ್ರನ ಕತ್ತಲ ಭಾಗದ ಫೋಟೊ, ಎಲ್ಲರಿಗೂ ಕಳಿಸಿ.’ ಇನ್ನೊಂದು ಇದಕ್ಕೆ ತದ್ವಿರುದ್ಧ: ‘ಬಿಸಿಲೇ ಇಲ್ಲದ ಜಾಗದ ಫೋಟೊ ತೆಗೆಯಲು ಹೇಗೆ ಸಾಧ್ಯ? ಎಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು.’

ಮೊದಲನೆಯದನ್ನು ಹೆಮ್ಮೆಯಿಂದ ಹಂಚುತ್ತೇವೆ, ಎರಡನೆಯದನ್ನು ಜಾಣತನ ಎಂದುಕೊಂಡು ಹಂಚುತ್ತೇವೆ. ಎರಡರಲ್ಲೂ ಒಂದೇ ಗೊಂದಲವಿದೆ. ಚಂದ್ರನ ‘ಕತ್ತಲು’ ಎಂದರೆ ಏನು, ಅಲ್ಲಿನ ಚಿತ್ರಕ್ಕೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಾದರೆ ಎರಡೂ ಸಂದೇಶಗಳನ್ನು ನಾವೇ ಪರೀಕ್ಷಿಸಬಹುದು.

ಚುಟುಕಾಗಿ ಹೇಳುವುದಾದರೆ

- ಚಂದ್ರನ ಆಚೆ ಬದಿ ಸದಾ ಕತ್ತಲಲ್ಲಿ ಇಲ್ಲ. ಅಲ್ಲಿಗೂ ನಮ್ಮ ಕಡೆಯಷ್ಟೇ ಬಿಸಿಲು ಬೀಳುತ್ತದೆ.
- ನಿಜವಾಗಿ ಸದಾ ನೆರಳಿನಲ್ಲಿರುವುದು ಧ್ರುವಗಳ ಹತ್ತಿರದ ಕೆಲವು ಕುಳಿಗಳ ತಳ ಮಾತ್ರ.
- ಅಂಥ ಜಾಗಗಳ ಚಿತ್ರವನ್ನು ನೌಕೆಗಳು ತೆಗೆದಿವೆ. ಕುಳಿಯ ಗೋಡೆಯಿಂದ ಚದುರಿ ಬಂದ ಬೆಳಕು, ರೇಡಾರ್, ಲೇಸರ್, ನೆಲದ ಶಾಖ, ನಕ್ಷತ್ರಗಳ ಬೆಳಕು ಎಲ್ಲವನ್ನೂ ಬಳಸಿವೆ.
- ಚಂದ್ರಯಾನ-2 ಆರ್ಬಿಟರ್ 2023ರ ಸೆಪ್ಟೆಂಬರ್ 6ರಂದು ಚಂದ್ರನ ರಾತ್ರಿಯಲ್ಲೇ ವಿಕ್ರಮ್ ಲ್ಯಾಂಡರ್ ಅನ್ನು ರೇಡಾರ್‌ನಿಂದ ಗುರುತಿಸಿತು.

‘ಕತ್ತಲು’ ಎಂದರೆ ಯಾವ ಕತ್ತಲು?

ಚಂದ್ರನ ವಿಷಯದಲ್ಲಿ ನಾವು ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ‘ಕಪ್ಪು’ ಅಥವಾ ‘ಕತ್ತಲು’ ಎನ್ನುತ್ತೇವೆ.

*ಕಪ್ಪು ಕಲೆಗಳು.* ಹುಣ್ಣಿಮೆಯ ಚಂದ್ರನಲ್ಲಿ ಮಕ್ಕಳಿಗೆ ತೋರಿಸುವ ಮೊಲ ನೆರಳಲ್ಲ. ಅದು ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಬಯಲು. ಆ ಕಲ್ಲಿನ ಬಣ್ಣವೇ ಗಾಢ. ಪೂರ್ತಿ ಬಿಸಿಲಿನಲ್ಲೂ ಅದು ಕಪ್ಪಾಗಿಯೇ ಕಾಣುತ್ತದೆ.

*ಆಚೆ ಬದಿ.* ಚಂದ್ರ ತನ್ನ ಸುತ್ತ ಒಂದು ಸುತ್ತು ಬರುವುದಕ್ಕೂ ಭೂಮಿಯ ಸುತ್ತ ಒಂದು ಸುತ್ತು ಬರುವುದಕ್ಕೂ ಅಷ್ಟೇ ಸಮಯ ತೆಗೆದುಕೊಳ್ಳುತ್ತಾನೆ. ಹಾಗಾಗಿ ನಮಗೆ ಯಾವಾಗಲೂ ಒಂದೇ ಮುಖ ಕಾಣುತ್ತದೆ. ನಮಗೆ ಕಾಣದ ಬದಿಯನ್ನು ‘ಕತ್ತಲ ಬದಿ’ ಎಂದು ಕರೆಯುವುದು ರೂಢಿಯಾಗಿದೆ. ಆದರೆ ಅಮಾವಾಸ್ಯೆಯ ದಿನ ನೋಡಿ: ನಮ್ಮ ಕಡೆಗಿರುವ ಮುಖ ಕತ್ತಲಲ್ಲಿದ್ದಾಗ ಆಚೆ ಬದಿಯ ಮೇಲೆ ಪೂರ್ತಿ ಬಿಸಿಲು ಇರುತ್ತದೆ. ಸೋವಿಯತ್ ಒಕ್ಕೂಟದ ಲೂನಾ-3 ನೌಕೆ 1959ರ ಅಕ್ಟೋಬರ್ 7ರಂದು ಆ ಬದಿಯ ಮೊದಲ ಫೋಟೊಗಳನ್ನು ತೆಗೆದದ್ದು ಸೂರ್ಯನ ಬೆಳಕಿನಲ್ಲೇ. ಚೀನಾದ ಚಾಂಗ್’ಅ-4 ನೌಕೆ 2019ರ ಜನವರಿ 3ರಂದು ಅಲ್ಲಿ ಇಳಿದದ್ದೂ ಹಗಲಿನಲ್ಲೇ. ಹಾಗಾಗಿ ಇಂದು ಬರುವ ‘ಆಚೆ ಬದಿಯ ಮೊದಲ ಫೋಟೊ’ ಎಂಬ ಸಂದೇಶ ಆರು ದಶಕಕ್ಕೂ ಹೆಚ್ಚು ತಡವಾಗಿದೆ.

*ಚಂದ್ರನ ರಾತ್ರಿ.* ಚಂದ್ರನಲ್ಲಿ ಒಂದು ಹಗಲು ನಮ್ಮ ಸುಮಾರು 14 ದಿನ, ಒಂದು ರಾತ್ರಿಯೂ ಅಷ್ಟೇ. ರಾತ್ರಿ ಕಳೆದ ಮೇಲೆ ಆ ಜಾಗಕ್ಕೆ ಮತ್ತೆ ಬಿಸಿಲು ಬರುತ್ತದೆ. ಇದು ತಾತ್ಕಾಲಿಕ ಕತ್ತಲು.

*ಶಾಶ್ವತ ನೆರಳು.* ಉತ್ತರ ಮತ್ತು ದಕ್ಷಿಣ ಧ್ರುವಗಳ ಸಮೀಪ ಕೆಲವು ಕುಳಿಗಳ ತಳಕ್ಕೆ ಸೂರ್ಯನ ನೇರ ಬೆಳಕು ಬಿದ್ದು ನೂರಾರು ಕೋಟಿ ವರ್ಷಗಳೇ ಆಗಿರಬಹುದು. ಎರಡೂ ಧ್ರುವ ಸೇರಿದರೆ ಇಂಥ ಪ್ರದೇಶ ಸುಮಾರು 30 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಆರನೇ ಒಂದು ಭಾಗದಷ್ಟು.

ವಿಜ್ಞಾನಿಗಳಿಗೆ ಹೆಚ್ಚು ಕುತೂಹಲ ಇರುವುದು ಈ ನಾಲ್ಕನೆಯ ಕತ್ತಲಿನ ಬಗ್ಗೆ.

ಗುತ್ತೂರಿನ ಬಾವಿಗೂ ಚಂದ್ರನ ಕುಳಿಗೂ ಏನು ವ್ಯತ್ಯಾಸ?

ಹರಿಹರದ ಪಕ್ಕದ ಗುತ್ತೂರಿನಲ್ಲಿ ಒಂದು ಆಳವಾದ ಬಾವಿ ಇದೆ ಎಂದುಕೊಳ್ಳಿ. ವರ್ಷದ ಹೆಚ್ಚಿನ ದಿನ ಬಿಸಿಲು ಅದರ ಒಳಗೋಡೆಯ ಮೇಲೆ ಬೀಳುತ್ತದೆ, ನೀರಿನವರೆಗೆ ಇಳಿಯುವುದಿಲ್ಲ. ಆದರೆ ದಾವಣಗೆರೆ, ಹರಿಹರ, ಗುತ್ತೂರು ಎಲ್ಲವೂ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೊಮ್ಮೆ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿಗೊಮ್ಮೆ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಅಂದು ನೆರಳೇ ಇರುವುದಿಲ್ಲ. ಶಾಲೆಗಳಲ್ಲಿ ಇದನ್ನೇ ‘ಶೂನ್ಯ ನೆರಳಿನ ದಿನ’ ಎಂದು ಮಾಡಿ ತೋರಿಸುತ್ತಾರೆ. ಅಂದು ಆ ಬಾವಿಯ ತಳಕ್ಕೂ ಬಿಸಿಲು ತಲುಪುತ್ತದೆ.

ನಮ್ಮಲ್ಲಿ ಸೂರ್ಯ ಹೀಗೆ ಉತ್ತರಕ್ಕೂ ದಕ್ಷಿಣಕ್ಕೂ ಸರಿದಾಡಲು ಕಾರಣ ಭೂಮಿಯ ಅಕ್ಷದ ಸುಮಾರು 23.4 ಡಿಗ್ರಿ ವಾಲಿಕೆ. ಚಂದ್ರನ ಅಕ್ಷ ವಾಲಿರುವುದು ಬರೀ 1.5 ಡಿಗ್ರಿ. ಆದ್ದರಿಂದ ಚಂದ್ರನ ಧ್ರುವದಲ್ಲಿ ನಿಂತವರಿಗೆ ಸೂರ್ಯ ದಿಗಂತದ ಅಂಚಿನಲ್ಲೇ ಸುತ್ತು ಹಾಕುತ್ತಾನೆ. ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಅದರ ಒಂದೂವರೆ ಪಟ್ಟಿಗಿಂತ ಮೇಲಕ್ಕೆ ಸೂರ್ಯ ಅಲ್ಲಿ ಏರುವುದೇ ಇಲ್ಲ. ಅಷ್ಟು ತಗ್ಗಿನ ಸೂರ್ಯನಿಗೆ ಕುಳಿಯ ಅಂಚೇ ಗೋಡೆಯಾಗಿ ಅಡ್ಡ ಬರುತ್ತದೆ. ದಕ್ಷಿಣ ಧ್ರುವಕ್ಕೆ ಅಂಟಿಕೊಂಡಂತಿರುವ ಶ್ಯಾಕಲ್‌ಟನ್ ಕುಳಿಯ ಅಗಲ ಸುಮಾರು 21 ಕಿಲೋಮೀಟರ್, ಆಳ 4 ಕಿಲೋಮೀಟರ್‌ಗೂ ಹೆಚ್ಚು. ಅದರ ಅಂಚಿನ ಕೆಲವು ಭಾಗಗಳಲ್ಲಿ ವರ್ಷದ ಬಹುಪಾಲು ಬಿಸಿಲಿರುತ್ತದೆ, ತಳದಲ್ಲಿ ಎಂದೂ ಇಲ್ಲ.

ಬಿಸಿಲಿಲ್ಲದ ಮೇಲೆ ಚಳಿ. ನಾಸಾದ ಎಲ್‌ಆರ್‌ಒ ನೌಕೆಯ ಡಿವೈನರ್ ಉಪಕರಣ ಉತ್ತರ ಧ್ರುವದ ಹತ್ತಿರದ ಹರ್ಮೈಟ್ ಕುಳಿಯಲ್ಲಿ ಮೈನಸ್ 247 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯನ್ನು ಅಳೆದಿದೆ. ಅಷ್ಟು ತಣ್ಣಗಿನ ಜಾಗಕ್ಕೆ ನೀರಿನ ಕಣ ಬಂದು ಬಿದ್ದರೆ ಆವಿಯಾಗಿ ಹೋಗುವುದಿಲ್ಲ, ಅಲ್ಲೇ ಹೆಪ್ಪುಗಟ್ಟಿ ಉಳಿಯುತ್ತದೆ. ಈ ಕತ್ತಲ ಕುಳಿಗಳ ಮೇಲೆ ಎಲ್ಲ ದೇಶಗಳ ಕಣ್ಣು ಬಿದ್ದಿರುವುದು ಇದಕ್ಕೇ.

ಫ್ಲ್ಯಾಶ್ ಹಾಕಬಾರದೇ? ನೈಟ್ ಮೋಡ್ ಸಾಲದೇ?

ಕತ್ತಲಲ್ಲಿ ಫೋಟೊ ತೆಗೆಯಲು ನಮ್ಮ ಮೊಬೈಲ್‌ಗೆ ಎರಡು ಉಪಾಯ ಗೊತ್ತು. ಚಂದ್ರನ ಸುತ್ತ ಹಾರುವ ನೌಕೆಗೆ ಎರಡೂ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ.

ಮೊದಲನೆಯದು ಫ್ಲ್ಯಾಶ್. ರಾತ್ರಿ ಹರಿಹರದ ತುಂಗಭದ್ರಾ ಸೇತುವೆಯ ಮೇಲೆ ನಿಂತು ಮೊಬೈಲ್ ಫ್ಲ್ಯಾಶ್ ಹಾಕಿದರೆ ಎದುರಿಗಿನ ಕಂಬಿ ಬೆಳಗುತ್ತದೆ, ದಡ ಬೆಳಗುವುದಿಲ್ಲ. ಚಂದ್ರಯಾನ-2 ಆರ್ಬಿಟರ್ ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಬೆಳಕು ಅಷ್ಟು ದೂರ ಹೋಗುವಾಗ ಹರಡಿ ತೆಳುವಾಗುತ್ತದೆ, ನೆಲಕ್ಕೆ ಬಡಿದು ವಾಪಸ್ ಬರುವಾಗ ಇನ್ನೊಮ್ಮೆ ಹರಡುತ್ತದೆ. ಸೋಲಾರ್ ಫಲಕದ ಕರೆಂಟಿನಲ್ಲಿ ನಡೆಯುವ ನೌಕೆ ಅಷ್ಟು ದೊಡ್ಡ ಫ್ಲ್ಯಾಶ್ ಹೊತ್ತೊಯ್ಯಲಾರದು.

ಎರಡನೆಯದು ನೈಟ್ ಮೋಡ್. ನಿಮ್ಮ ಫೋನು ‘ಅಲುಗಾಡಿಸಬೇಡಿ’ ಎಂದು ಹೇಳಿ ಎರಡು ಮೂರು ಸೆಕೆಂಡು ಬೆಳಕು ಕೂಡಿಸಿಕೊಳ್ಳುತ್ತದೆ. ನೌಕೆ ನಿಲ್ಲುವಂತಿಲ್ಲ. ಆ ಎತ್ತರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್. ದಾವಣಗೆರೆಯಿಂದ ಹರಿಹರಕ್ಕೆ ಇರುವ ಸುಮಾರು 14 ಕಿಲೋಮೀಟರ್ ದೂರವನ್ನು ಅದು 9 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಚಂದ್ರಯಾನ-2ರ ಓಎಚ್‌ಆರ್‌ಸಿ ಕ್ಯಾಮೆರಾ ಒಂದು ಪಿಕ್ಸೆಲ್‌ನಲ್ಲಿ ಸುಮಾರು 25 ಸೆಂಟಿಮೀಟರ್ ನೆಲವನ್ನು ಹಿಡಿಯುತ್ತದೆ. ಅಷ್ಟು ನೆಲದ ಮೇಲೆ ನೌಕೆ ಹಾದುಹೋಗುವುದು ಒಂದು ಸೆಕೆಂಡಿನ ಆರು ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ. ಆ ಹೊತ್ತಿನೊಳಗೆ ಸಾಕಷ್ಟು ಬೆಳಕು ಸಿಗಬೇಕು. ಹೆಚ್ಚು ಹೊತ್ತು ಕಾದರೆ ಚಿತ್ರ ಕಲಸಿಹೋಗುತ್ತದೆ.

ಹಾಗಾದರೆ ದಾರಿ? ವಿಜ್ಞಾನಿಗಳು ಒಂದಲ್ಲ, ನಾಲ್ಕು ದಾರಿ ಹುಡುಕಿದ್ದಾರೆ.

ದಾರಿ 1: ಎದುರು ಗೋಡೆಯಿಂದ ಬಂದ ಬೆಳಕು

ಕಿಟಕಿಗೆ ನೇರ ಬಿಸಿಲು ಬೀಳದ ಕೋಣೆಯಲ್ಲೂ ಹಗಲಿನಲ್ಲಿ ಪೇಪರ್ ಓದಬಹುದು. ಎದುರುಮನೆಯ ಗೋಡೆಗೆ ಬಡಿದ ಬಿಸಿಲು ಚದುರಿ ಒಳಗೆ ಬರುತ್ತದೆ. ಕುಳಿಯ ಒಳಗೂ ಹಾಗೆಯೇ. ಮೇಲಿನ ಅಂಚಿಗೆ ಬಿಸಿಲು ಬಿದ್ದಾಗ ಅದರಲ್ಲಿ ಒಂದಿಷ್ಟು ಚದುರಿ ತಳಕ್ಕೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಕಡುಕಪ್ಪಾಗಿ ಕಾಣುವ ಕುಳಿಯಲ್ಲೂ ಈ ಮಸುಕು ಬೆಳಕು ಇರುತ್ತದೆ.

ಜಪಾನಿನ ಕಗುಯಾ ನೌಕೆ ಇದೇ ಬೆಳಕಿನಲ್ಲಿ ಶ್ಯಾಕಲ್‌ಟನ್ ಕುಳಿಯ ಒಳಗನ್ನು ನೋಡಿ 2008ರಲ್ಲಿ ವರದಿ ಮಾಡಿತು: ತಳದಲ್ಲಿ ಹೊಳೆಯುವ ಹಿಮದ ಹಾಸು ಕಾಣಲಿಲ್ಲ.

ಇದಕ್ಕೆಂದೇ ಮಾಡಿದ ಕ್ಯಾಮೆರಾ ಶ್ಯಾಡೋಕ್ಯಾಮ್. ನಾಸಾದ ಈ ಕ್ಯಾಮೆರಾ ದಕ್ಷಿಣ ಕೊರಿಯಾದ ದನುರಿ ನೌಕೆಯಲ್ಲಿದೆ. 2022ರ ಆಗಸ್ಟ್‌ನಲ್ಲಿ ಉಡಾವಣೆಯಾದ ದನುರಿ ಆ ವರ್ಷದ ಡಿಸೆಂಬರ್‌ನಲ್ಲಿ ಚಂದ್ರನ ಕಕ್ಷೆ ಸೇರಿತು. ಎಲ್‌ಆರ್‌ಒ ನೌಕೆಯ ಹಳೆಯ ಕ್ಯಾಮೆರಾಕ್ಕಿಂತ ಶ್ಯಾಡೋಕ್ಯಾಮ್ ಸುಮಾರು 200 ಪಟ್ಟು ಸೂಕ್ಷ್ಮ. ನಿಲ್ಲಲಾಗದ ನೌಕೆಯಲ್ಲಿ ಬೆಳಕು ಕೂಡಿಸುವುದಕ್ಕೆ ಅದು ಮಾಡುವ ಉಪಾಯ ಸರಳ: ನೆಲದ ಒಂದೇ ಪಟ್ಟಿಯನ್ನು ಸೆನ್ಸರ್‌ನ ಒಂದರ ಹಿಂದೊಂದು 32 ಸಾಲುಗಳು ಸರದಿಯಂತೆ ನೋಡುತ್ತವೆ, ಆಮೇಲೆ ಎಲ್ಲವನ್ನೂ ಕೂಡಿಸಲಾಗುತ್ತದೆ. ನೌಕೆ ಮುಂದೆ ಸರಿದಷ್ಟೇ ವೇಗದಲ್ಲಿ ಎಣಿಕೆಯೂ ಸರಿಯುವುದರಿಂದ ಚಿತ್ರ ಕಲಸುವುದಿಲ್ಲ.

ಇಷ್ಟು ಸೂಕ್ಷ್ಮ ಕ್ಯಾಮೆರಾಕ್ಕೆ ನೇರ ಬಿಸಿಲು ಆಗಿಬರುವುದಿಲ್ಲ, ಬಿಸಿಲಿನ ಜಾಗ ಅದರಲ್ಲಿ ಬರೀ ಬಿಳಿಯಾಗಿ ಹಾಳಾಗುತ್ತದೆ. ಹಾಗಾಗಿ 2023ರ ಸೆಪ್ಟೆಂಬರ್‌ನಲ್ಲಿ ನಾಸಾ ಬಿಡುಗಡೆ ಮಾಡಿದ ಶ್ಯಾಕಲ್‌ಟನ್ ಚಿತ್ರದಲ್ಲಿ ನೆರಳಿನ ಭಾಗ ಶ್ಯಾಡೋಕ್ಯಾಮ್‌ನದು, ಬಿಸಿಲಿನ ಭಾಗ ಎಲ್‌ಆರ್‌ಒ ಕ್ಯಾಮೆರಾದ್ದು. ಎರಡನ್ನು ಜೋಡಿಸಿದ್ದಾರೆ ಎಂಬುದನ್ನು ನಾಸಾ ತಾನೇ ಹೇಳಿದೆ. ‘ಜೋಡಿಸಿದ ಚಿತ್ರ’ ಎಂದರೆ ‘ಸುಳ್ಳು ಚಿತ್ರ’ ಎಂದಲ್ಲ. ಹೇಗೆ ಜೋಡಿಸಿದರು ಎಂದು ಹೇಳಿದ್ದಾರೆಯೇ ಎಂಬುದು ಮುಖ್ಯ.

ದಾರಿ 2: ನೌಕೆಯದೇ ಬೆಳಕು, ಅಂದರೆ ರೇಡಾರ್ ಮತ್ತು ಲೇಸರ್

ಬಾವಲಿಗೆ ಕತ್ತಲಲ್ಲಿ ಹಾರಲು ಬೆಳಕು ಬೇಡ. ತಾನೇ ಕೂಗಿ, ಪ್ರತಿಧ್ವನಿ ಕೇಳಿ ಎದುರಿಗೇನಿದೆ ಎಂದು ತಿಳಿಯುತ್ತದೆ. ರೇಡಾರ್ ಇದನ್ನೇ ರೇಡಿಯೊ ಅಲೆಗಳಿಂದ ಮಾಡುತ್ತದೆ. ನೌಕೆ ಅಲೆಗಳನ್ನು ಕಳಿಸುತ್ತದೆ, ನೆಲಕ್ಕೆ ಬಡಿದು ಬಂದದ್ದನ್ನು ಹಿಡಿಯುತ್ತದೆ, ಹಾರುತ್ತ ಹಾರುತ್ತ ಹಿಡಿದ ಪ್ರತಿಧ್ವನಿಗಳನ್ನು ಕಂಪ್ಯೂಟರ್ ಚಿತ್ರವಾಗಿ ಜೋಡಿಸುತ್ತದೆ. ಸೂರ್ಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಚಂದ್ರಯಾನ-1ರಲ್ಲಿ ನಾಸಾದ ಮಿನಿ-ಸಾರ್ ಎಂಬ ಸಣ್ಣ ರೇಡಾರ್ ಇತ್ತು. ಚಂದ್ರಯಾನ-2ರಲ್ಲಿ ಇರುವುದು ಅಹಮದಾಬಾದಿನ ಇಸ್ರೊ ಕೇಂದ್ರ ರೂಪಿಸಿದ ಡಿಎಫ್‌ಸಾರ್. ಅದು ಎಲ್ ಮತ್ತು ಎಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ಎಲ್ ಬ್ಯಾಂಡಿನ ಅಲೆ ಒಣ ಮಣ್ಣಿನೊಳಗೆ ಕೆಲವು ಮೀಟರ್ ಇಳಿಯಬಲ್ಲದು. ಅಂದರೆ ನೆಲದ ಅಡಿಯಲ್ಲಿ ಹೂತದ್ದರ ಸುಳಿವೂ ಸಿಗುತ್ತದೆ. 2025ರ ನವೆಂಬರ್‌ನಲ್ಲಿ ಇಸ್ರೊ ಈ ರೇಡಾರ್‌ನಿಂದ ತಯಾರಿಸಿದ ಧ್ರುವ ಪ್ರದೇಶಗಳ ಹೊಸ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅವುಗಳಲ್ಲಿ ಒಂದು ಪಿಕ್ಸೆಲ್ 25 ಮೀಟರ್ ನೆಲಕ್ಕೆ ಸಮ.

ಎಲ್‌ಆರ್‌ಒ ನೌಕೆಯ ಲೇಸರ್ ಇನ್ನೊಂದು ಬಗೆಯದು. ಅದು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಡಿದು ಬರುವ ಸಮಯದಿಂದ ಎತ್ತರ ತಗ್ಗು ಅಳೆಯುತ್ತದೆ. ಕೋಟಿಗಟ್ಟಲೆ ಚುಕ್ಕಿ ಸೇರಿ ಕತ್ತಲ ಕುಳಿಯ ಪೂರ್ತಿ ಆಕಾರ ಸಿಗುತ್ತದೆ.

ದಾರಿ 3 ಮತ್ತು 4: ಶಾಖ ಮತ್ತು ನಕ್ಷತ್ರದ ಬೆಳಕು

ಕೊರೊನಾ ದಿನಗಳಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ನೆನಪಿರಬೇಕು. ಅದು ನಮ್ಮ ಮೈ ಹೊರಸೂಸುವ ಶಾಖವನ್ನೇ ಓದುತ್ತಿತ್ತು. ಡಿವೈನರ್ ಚಂದ್ರನ ನೆಲದ ಶಾಖವನ್ನು ಹಾಗೆಯೇ ಓದಿ ನಕ್ಷೆ ಮಾಡುತ್ತದೆ.

ಎಲ್‌ಆರ್‌ಒದ ಲ್ಯಾಂಪ್ ಎಂಬ ಉಪಕರಣ ನಕ್ಷತ್ರಗಳಿಂದ ಮತ್ತು ಬಾಹ್ಯಾಕಾಶದಲ್ಲಿ ಹರಡಿರುವ ಹೈಡ್ರೋಜನ್‌ನಿಂದ ಬರುವ ನೇರಳಾತೀತ ಬೆಳಕನ್ನು ಬಳಸುತ್ತದೆ. ನಮ್ಮ ಕಣ್ಣಿಗೆ ಕಾಣದ ಈ ಬೆಳಕು ಸದಾ ನೆರಳಿನ ಕುಳಿಯೊಳಗೂ ಬೀಳುತ್ತಿರುತ್ತದೆ.

ವಿಕ್ರಮ್ ಮತ್ತು ಎರಡು ರಾತ್ರಿಗಳು

ಕತ್ತಲು ಮತ್ತು ಫೋಟೊದ ನಡುವಿನ ಈ ಹಗ್ಗಜಗ್ಗಾಟ ನಮ್ಮ ಎರಡು ಚಂದ್ರಯಾನಗಳಲ್ಲಿ ಎದ್ದು ಕಾಣುತ್ತದೆ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವ ಕೊನೆಯ ಹಂತದಲ್ಲಿ ಸಂಪರ್ಕ ಕಳೆದುಕೊಂಡಿತು. ಸೆಪ್ಟೆಂಬರ್ 17ರಂದು ಎಲ್‌ಆರ್‌ಒ ಆ ಪ್ರದೇಶದ ಮೇಲೆ ಹಾದು ಚಿತ್ರ ತೆಗೆಯಿತು. ಆಗ ಅಲ್ಲಿ ಮುಸ್ಸಂಜೆ. ಉದ್ದುದ್ದ ನೆರಳುಗಳು ನೆಲದ ಬಹುಭಾಗವನ್ನು ಮುಚ್ಚಿದ್ದವು. ಲ್ಯಾಂಡರ್ ಸಿಗಲಿಲ್ಲ. ಇತ್ತ ಮೊಬೈಲ್‌ಗಳಲ್ಲಿ ಮಾತ್ರ ‘ವಿಕ್ರಮ್‌ನ ಥರ್ಮಲ್ ಫೋಟೊ’ ಎಂದು ಒಂದು ಚಿತ್ರ ಹರಿದಾಡಿತು. ಅದು ಅಮೆರಿಕದ ಅಪೊಲೊ-16 ಇಳಿದಾಣದ ಹಳೆಯ ಚಿತ್ರವಾಗಿತ್ತು, ಹಗಲಿನಲ್ಲಿ ತೆಗೆದದ್ದು. ವಿಕ್ರಮ್ ಬದುಕಿದೆ ಎಂದು ಆಸೆ ಇಟ್ಟುಕೊಂಡಿದ್ದ ಜನ ಅದನ್ನು ನಂಬಿ ಹಂಚಿದರು.

ನಿಜವಾದ ಉತ್ತರಕ್ಕೆ ಬಿಸಿಲು ಮರಳುವವರೆಗೆ ಕಾಯಬೇಕಾಯಿತು. ನಾಸಾ ಸಾರ್ವಜನಿಕವಾಗಿ ಇಟ್ಟಿದ್ದ ಚಿತ್ರವನ್ನು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಚಿತ್ರಗಳ ಜತೆ ಹೋಲಿಸಿ ನೋಡಿ, ಒಂದು ಹೊಸ ಬಿಳಿ ಚುಕ್ಕಿಯನ್ನು ಗುರುತಿಸಿ ನಾಸಾಕ್ಕೆ ತಿಳಿಸಿದರು. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರಗಳು ಅದನ್ನು ದೃಢಪಡಿಸಿದವು. ಡಿಸೆಂಬರ್ ಆರಂಭದಲ್ಲಿ ನಾಸಾ ಅವರ ಹೆಸರು ಹೇಳಿಯೇ ಅವಶೇಷ ಸಿಕ್ಕಿದ್ದನ್ನು ಪ್ರಕಟಿಸಿತು.

ಎರಡನೇ ಘಟನೆ 2023ರದು. ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಸುರಕ್ಷಿತವಾಗಿ ಇಳಿಯಿತು. ಹಗಲು ಮುಗಿಯುತ್ತ ಬಂದಂತೆ ಸೆಪ್ಟೆಂಬರ್ 2ರಂದು ಪ್ರಜ್ಞಾನ್ ರೋವರ್ ಅನ್ನು, 4ರಂದು ಲ್ಯಾಂಡರ್ ಅನ್ನು ನಿದ್ರೆಗೆ ಜಾರಿಸಲಾಯಿತು. ಸೂರ್ಯ ಮುಳುಗಿದ ಮೇಲೆ, ಸೆಪ್ಟೆಂಬರ್ 6ರಂದು, ಚಂದ್ರಯಾನ-2 ಆರ್ಬಿಟರ್ ಆ ಜಾಗದ ಮೇಲೆ ಹಾದು ಡಿಎಫ್‌ಸಾರ್ ರೇಡಾರ್ ಬಳಸಿತು. ಕತ್ತಲಲ್ಲಿ ನಿಂತಿದ್ದ ವಿಕ್ರಮ್ ಆ ಚಿತ್ರದಲ್ಲಿ ಬೆಳ್ಳನೆಯ ಚುಕ್ಕಿಯಾಗಿ ಕಂಡಿತು. ನಾಲ್ಕು ವರ್ಷ ಹಿಂದೆ ತನ್ನ ಲ್ಯಾಂಡರ್ ಕಳೆದುಕೊಂಡ ಆರ್ಬಿಟರ್, ಮುಂದಿನ ಲ್ಯಾಂಡರ್ ಅನ್ನು ರಾತ್ರಿಯಲ್ಲೇ ಗುರುತಿಸಿತ್ತು.

ಆ ಚುಕ್ಕಿ ಬೆಳ್ಳಗಿದ್ದುದು ಲ್ಯಾಂಡರ್‌ನ ದೀಪ ಉರಿಯುತ್ತಿತ್ತು ಎಂದಲ್ಲ. ರೇಡಾರ್ ಚಿತ್ರದಲ್ಲಿ ಬಿಳಿ ಎಂದರೆ ಅಲೆ ಜೋರಾಗಿ ವಾಪಸ್ ಬಂದ ಜಾಗ. ಲೋಹದ ಮೂಲೆಗಳು, ಒರಟು ಕಲ್ಲುಗಳು ಬೆಳ್ಳಗೆ ಕಾಣುತ್ತವೆ. ನುಣುಪಾದ ನೆಲ ಕಪ್ಪಾಗಿ ಕಾಣುತ್ತದೆ.

ಚಂದ್ರಯಾನದ ಈ ಮಾಹಿತಿ ಭೂಮಿಗೆ ಇಳಿಯುವುದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಅಲ್ಲಿನ 32 ಮೀಟರ್ ಮತ್ತು 18 ಮೀಟರ್ ಅಗಲದ ಆಂಟೆನಾಗಳು ಅದನ್ನು ಹಿಡಿಯುತ್ತವೆ. ಇಸ್ರೊದ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಯಾರು ಬೇಕಾದರೂ ಈ ಮಾಹಿತಿಯನ್ನು ಪಡೆಯಬಹುದು.

ಕೊನೆಗೂ ಹಿಮ ಕಂಡಿತೇ?

‘ಚಂದ್ರನ ಕುಳಿಯಲ್ಲಿ ಹಿಮದ ಕೆರೆ’ ಎಂಬ ಬಣ್ಣದ ಚಿತ್ರಗಳು ಬರುತ್ತಿರುತ್ತವೆ. ಈವರೆಗಿನ ಪುರಾವೆ ಇಷ್ಟು:

- 2009ರ ಅಕ್ಟೋಬರ್ 9ರಂದು ನಾಸಾ ಒಂದು ಖಾಲಿ ರಾಕೆಟ್ ಹಂತವನ್ನು ಕಬೇಯಸ್ ಎಂಬ ಕತ್ತಲ ಕುಳಿಗೆ ಅಪ್ಪಳಿಸಿತು. ಎದ್ದ ಧೂಳನ್ನು ಎಲ್‌ಕ್ರಾಸ್ ನೌಕೆ ಪರೀಕ್ಷಿಸಿತು. ಅಲ್ಲಿನ ಮಣ್ಣಿನ ತೂಕದಲ್ಲಿ ಸುಮಾರು 5.6% ನೀರು ಎಂದು ಲೆಕ್ಕ ಸಿಕ್ಕಿತು. ಈ ಲೆಕ್ಕ 2.9%ನಷ್ಟು ಹೆಚ್ಚು ಕಡಿಮೆ ಇರಬಹುದು.
- ಚಂದ್ರಯಾನ-1ರ ಮಿನಿ-ಸಾರ್ ಉತ್ತರ ಧ್ರುವದ ಹತ್ತಿರದ 40ಕ್ಕೂ ಹೆಚ್ಚು ಸಣ್ಣ ಕುಳಿಗಳಲ್ಲಿ ಹಿಮವನ್ನು ಹೋಲುವ ಗುರುತು ಕಂಡಿತು ಎಂದು 2010ರಲ್ಲಿ ಪ್ರಕಟವಾಯಿತು. ಆದರೆ ಒರಟು ಕಲ್ಲುಗಳೂ ರೇಡಾರ್‌ಗೆ ಅಂಥದೇ ಗುರುತು ಕೊಡಬಲ್ಲವು. ಹಾಗಾಗಿ ಇದು ಸುಳಿವು, ಅಂತಿಮ ಸಾಕ್ಷಿ ಅಲ್ಲ.
- ಚಂದ್ರಯಾನ-1ರಲ್ಲೇ ಇದ್ದ ನಾಸಾದ ಎಂ-3 ಉಪಕರಣ ಹಿಡಿದ, ಕುಳಿಯೊಳಗಿನ ಚದುರಿದ ಬೆಳಕನ್ನು ಮರುಪರಿಶೀಲಿಸಿದ ಅಧ್ಯಯನ 2018ರಲ್ಲಿ ಬಂತು. ಮೇಲ್ಮೈಯಲ್ಲೇ ನೀರಿನ ಹಿಮ ಇರುವ ನೇರ ಗುರುತು ಅದರಲ್ಲಿ ಸಿಕ್ಕಿತು. ಹಿಮ ನಿಲ್ಲುವಷ್ಟು ತಣ್ಣಗಿನ ಜಾಗದಲ್ಲಿ ಸುಮಾರು 3.5% ಕಡೆ ಮಾತ್ರ.

ಅಂದರೆ ಹಿಮ ಇದೆ. ಆದರೆ ಕೆರೆಯಂತೆ ಹಾಸಿಲ್ಲ. ಅಲ್ಲಲ್ಲಿ, ಮಣ್ಣಿನಲ್ಲಿ ಬೆರೆತು ಇದೆ. 2008ರ ಅಕ್ಟೋಬರ್ 22ರಂದು ಹೊರಟು ಒಂದು ವರ್ಷವೂ ಬಾಳದ ಚಂದ್ರಯಾನ-1 ಕೊಟ್ಟ ಮಾಹಿತಿ, ಹತ್ತು ವರ್ಷದ ನಂತರ ಈ ಉತ್ತರಕ್ಕೆ ನೆರವಾಯಿತು.

ಇದರಿಂದ ನಮಗೇನು?

ಮುಂದಿನ ನೌಕೆಗಳು ಹೋಗುವುದು ಈ ಜಾಗಗಳಿಗೇ. ಭಾರತ ಮತ್ತು ಜಪಾನ್ ಜತೆಗೂಡಿ ಮಾಡುವ ಚಂದ್ರಯಾನ-5ಕ್ಕೆ 2025ರ ಮಾರ್ಚ್‌ನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿದೆ. ದಕ್ಷಿಣ ಧ್ರುವದ ಹತ್ತಿರ ನೀರು ಹುಡುಕುವುದು ಅದರ ಕೆಲಸ. ಅಲ್ಲಿ ಎಲ್ಲಿ ಕಾಲಿಡಬೇಕು ಎಂದು ತೀರ್ಮಾನಿಸಲು ಇಂದು ತೆಗೆಯುತ್ತಿರುವ ಈ ಚಿತ್ರಗಳೇ ಆಧಾರ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ತಿಂಗಳ ಇನ್ನೊಂದು ಘಟನೆ ಸಾಕ್ಷಿ. ಅಮೆರಿಕದ ಖಾಸಗಿ ಲ್ಯಾಂಡರ್ ಅಥೀನಾ 2025ರ ಮಾರ್ಚ್ 6ರಂದು ದಕ್ಷಿಣ ಧ್ರುವದ ಹತ್ತಿರ ಇಳಿಯುವಾಗ ಒಂದು ಕುಳಿಯೊಳಗೆ ಮಗುಚಿಬಿತ್ತು. ಫಲಕಗಳಿಗೆ ಸಾಕಷ್ಟು ಬಿಸಿಲು ಸಿಗದೆ, ಚಳಿ ತಡೆಯಲಾಗದೆ ಮರುದಿನಕ್ಕೇ ಅದರ ಕೆಲಸ ಮುಗಿಯಿತು. ಧ್ರುವದಲ್ಲಿ ಬಿಸಿಲಿಗೂ ನೆರಳಿಗೂ ನಡುವೆ ಕೆಲವೇ ಮೀಟರ್ ಅಂತರ ಇರುತ್ತದೆ. ಯಂತ್ರದ ಅಳಿವು ಉಳಿವು ಆ ಕೆಲವು ಮೀಟರ್‌ಗಳ ಮೇಲೆ ನಿಂತಿದೆ.

ಫಾರ್ವರ್ಡ್ ಹೇಳುವುದು, ವಾಸ್ತವ ಇರುವುದು

*ಹೇಳಿಕೆ:* ಚಂದ್ರನ ಆಚೆ ಬದಿಗೆ ಬಿಸಿಲೇ ಬೀಳುವುದಿಲ್ಲ.
*ವಾಸ್ತವ:* ಸುಳ್ಳು. ಅಲ್ಲೂ ಸುಮಾರು 14 ದಿನ ಹಗಲು, 14 ದಿನ ರಾತ್ರಿ.

*ಹೇಳಿಕೆ:* ಚಂದ್ರಯಾನ-3 ಸದಾ ಕತ್ತಲಿರುವ ದಕ್ಷಿಣ ಧ್ರುವದಲ್ಲೇ ಇಳಿಯಿತು.
*ವಾಸ್ತವ:* ದಾರಿ ತಪ್ಪಿಸುವಂಥದ್ದು. ಅದು ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಧ್ರುವದಿಂದ 600 ಕಿಲೋಮೀಟರ್‌ಗೂ ದೂರ. ವಿಕ್ರಮ್ ಮತ್ತು ಪ್ರಜ್ಞಾನ್ ಕೆಲಸ ಮಾಡಿದ್ದೇ ಬಿಸಿಲಿನಿಂದ. ಆದರೂ ದಕ್ಷಿಣಕ್ಕೆ ಅಷ್ಟು ದೂರದಲ್ಲಿ ಸುರಕ್ಷಿತವಾಗಿ ಇಳಿದ ಮೊದಲ ನೌಕೆ ಅದೇ. ಆ ಸಾಧನೆಗೆ ಉತ್ಪ್ರೇಕ್ಷೆಯ ಅಗತ್ಯವಿಲ್ಲ.

*ಹೇಳಿಕೆ:* ಕತ್ತಲ ಕುಳಿಯ ಫೋಟೊಗಳೆಲ್ಲ ಕಂಪ್ಯೂಟರ್ ಸೃಷ್ಟಿ.
*ವಾಸ್ತವ:* ಸುಳ್ಳು. ಬೇರೆ ಬೇರೆ ದೇಶಗಳ ನೌಕೆಗಳು ಬೇರೆ ಬೇರೆ ವಿಧಾನದಲ್ಲಿ ಅದೇ ಕುಳಿಗಳನ್ನು ನೋಡಿವೆ. ಅಳತೆಗಳನ್ನು ಹೋಲಿಸಿ ನೋಡಲು ಮಾಹಿತಿ ಎಲ್ಲರಿಗೂ ತೆರೆದಿದೆ.

*ಹೇಳಿಕೆ:* ನೀಲಿ, ಕೆಂಪು ಬಣ್ಣದ ಚಿತ್ರ ಎಂದರೆ ಅಲ್ಲಿ ನೀರು, ಬೆಂಕಿ ಇದೆ.
*ವಾಸ್ತವ:* ಸುಳ್ಳು. ಶಾಖ, ಎತ್ತರ, ರೇಡಾರ್ ಪ್ರತಿಧ್ವನಿಯಂಥ ಅಳತೆಗಳನ್ನು ಸುಲಭವಾಗಿ ಓದಲು ವಿಜ್ಞಾನಿಗಳು ಬಣ್ಣ ಹಚ್ಚುತ್ತಾರೆ. ಹವಾಮಾನ ವರದಿಯ ನಕ್ಷೆಯಲ್ಲಿ ಕಲಬುರಗಿ ಕೆಂಪಾಗಿ ಕಂಡರೆ ಅಲ್ಲಿನ ಮಣ್ಣು ಕೆಂಪಾಯಿತು ಎಂದಲ್ಲವಲ್ಲ, ಹಾಗೆಯೇ.

ಮುಂದಿನ ಸಲ ಇಂಥ ಚಿತ್ರ ಬಂದಾಗ

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: *ಈ ಚಿತ್ರಕ್ಕೆ ಬೆಳಕು ಎಲ್ಲಿಂದ ಬಂತು?* ಸೂರ್ಯನದೇ, ಕುಳಿಯ ಗೋಡೆಯಿಂದ ಚದುರಿದ್ದೇ, ರೇಡಾರ್‌ನದೇ, ನೆಲದ ಶಾಖವೇ? ಇಸ್ರೊ, ನಾಸಾದಂಥ ಸಂಸ್ಥೆಗಳು ಚಿತ್ರ ಬಿಡುಗಡೆ ಮಾಡುವಾಗ ಯಾವ ನೌಕೆ, ಯಾವ ಉಪಕರಣ, ಯಾವ ದಿನ ಎಂದು ಸಾಮಾನ್ಯವಾಗಿ ಬರೆದಿರುತ್ತವೆ. ಈ ಮೂರರಲ್ಲಿ ಒಂದೂ ಇಲ್ಲದ ಚಿತ್ರವನ್ನು ಮುಂದಕ್ಕೆ ಕಳಿಸಬೇಡಿ.

ಆಮೇಲೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಹಳೆಯ ಚಿತ್ರಕ್ಕೆ ಹೊಸ ಹೆಸರು ಕೊಟ್ಟಿದ್ದರೆ ಬಹುತೇಕ ಅಲ್ಲೇ ಸಿಕ್ಕಿಬೀಳುತ್ತದೆ. 2019ರ ಆ ‘ಥರ್ಮಲ್ ಫೋಟೊ’ ಕೂಡ ಹೀಗೆ ಹುಡುಕಿದ್ದರೆ ಎರಡು ನಿಮಿಷದಲ್ಲಿ ಬಯಲಾಗುತ್ತಿತ್ತು.

ಗುಂಪಿನಲ್ಲಿ ಯಾರಾದರೂ ‘ಕತ್ತಲಲ್ಲಿ ಫೋಟೊ ತೆಗೆಯಲು ಸಾಧ್ಯವೇ ಇಲ್ಲ’ ಎಂದರೆ, 2023ರ ಸೆಪ್ಟೆಂಬರ್ 6ರ ವಿಕ್ರಮ್ ರೇಡಾರ್ ಚಿತ್ರವನ್ನು ಇಸ್ರೊ ಜಾಲತಾಣದಿಂದಲೇ ಹುಡುಕಿ ಕಳಿಸಿ. ಜತೆಗೆ ಅದು ಯಾವ ಉಪಕರಣದ್ದು, ಅಂದು ಅಲ್ಲಿ ಹಗಲೋ ರಾತ್ರಿಯೋ ಎಂಬ ಒಂದು ಸಾಲನ್ನೂ ಬರೆಯಿರಿ.